ಹಿಮ್ಮೇಳ: ಹಿಂದೆ ಕೂತು ಮುನ್ನಡೆಸುವ ಪದ

ಪತ್ರಿಕೆಗಳ ರಾಜಕೀಯ ಪುಟದಲ್ಲಿ ‘ಹಿಮ್ಮೇಳ’ ಅಂದರೆ ನಾಯಕ ಹೇಳಿದ್ದಕ್ಕೆಲ್ಲ ದನಿಗೂಡಿಸುವವರು. ಸುಗಮ ಸಂಗೀತದ ಆಮಂತ್ರಣದಲ್ಲಿ ಗಾಯಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ತಬಲಾ, ಕೀಬೋರ್ಡ್‌ನವರೂ ಹಿಮ್ಮೇಳವೇ. ಎರಡೂ ಕಡೆ ಪದಕ್ಕೆ ಎರಡನೇ ದರ್ಜೆಯ ಸ್ಥಾನ. ಮಂಗಳೂರಿನ ಯಕ್ಷಗಾನ ಆಟದ ಪ್ರಿಯರ ನಡುವೆ ಬಂದರೆ ಇದೇ ಪದ ತಲೆಯೆತ್ತಿ ನಿಲ್ಲುತ್ತದೆ. ‘ಇವತ್ತು ಹಿಮ್ಮೇಳಕ್ಕೆ ಯಾರಿದ್ದಾರೆ?’ ಎಂದು ವಿಚಾರಿಸಿಕೊಂಡೇ ಆಟಕ್ಕೆ ಹೊರಡುವವರು ಇಲ್ಲಿ ಬಹಳ ಮಂದಿ.

ಪದದ ಬೇರು ‘ಮೇಳ’. ಸಂಸ್ಕೃತದ ‘ಮಿಲ್’ ಧಾತುವಿನಿಂದ ಬಂದ ಇದಕ್ಕೆ ಕೂಡುವುದು, ಹೊಂದುವುದು ಎಂಬ ಅರ್ಥ. ಸಮ್ಮೇಳನ, ಮೇಳೈಸು ಎಲ್ಲ ಇದರ ಬಳಗದವೇ. ಸಂಗೀತಶಾಸ್ತ್ರದಲ್ಲಿ ಕೂಡುವುದು ಸ್ವರಗಳು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ಗ್ರಂಥದ ಹೆಸರೇ ‘ಸ್ವರಮೇಳಕಲಾನಿಧಿ’. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕ ಹಾಕಿಟ್ಟ. ಕರಾವಳಿಯಲ್ಲಿ ಕೂಡುವುದು ಕಲಾವಿದರು. ಕಟೀಲು ಮೇಳ, ಧರ್ಮಸ್ಥಳ ಮೇಳ ಎಂದಾಗ ಭಾಗವತರು, ವೇಷಧಾರಿಗಳು, ಬಣ್ಣದ ಪೆಟ್ಟಿಗೆ, ವೇಷ ಕಟ್ಟುವ ಚೌಕಿ, ಆಟದ ಋತು ಮುಗಿಯುವ ಪತ್ತನಾಜೆಯವರೆಗಿನ ತಿರುಗಾಟ ಎಲ್ಲವೂ ಆ ಒಂದೇ ಪದದೊಳಗೆ ಬಂತು.

ಈ ಮೇಳಕ್ಕೆ ಅಚ್ಚಗನ್ನಡದ ‘ಹಿಂ’ ಸೇರಿ ಹಿಮ್ಮೇಳವಾಯಿತು, ‘ಮುಂ’ ಸೇರಿ ಮುಮ್ಮೇಳವಾಯಿತು. ರಂಗಸ್ಥಳದಲ್ಲಿ ಕುಣಿಯುವವರು ಮುಂದೆ, ಹಾಡುವವರೂ ನುಡಿಸುವವರೂ ಹಿಂದೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಕ್ಕದಲ್ಲಿ ಕೂತು ನುಡಿಸುವುದು ಪಕ್ಕವಾದ್ಯವಾದ ಹಾಗೆಯೇ ಇದೂ ಕೂರುವ ಜಾಗದಿಂದ ಬಂದ ಹೆಸರು. ಜಾಗ ಹೇಳುವ ಪದವನ್ನು ಯೋಗ್ಯತೆ ಹೇಳುವ ಪದವೆಂದು ಓದಿಕೊಂಡದ್ದೇ ಮುಂದಿನ ತಪ್ಪರ್ಥಕ್ಕೆಲ್ಲ ಮೂಲ.

ಹಿಂದೆ ಕೂತವರ ಅಧಿಕಾರವೇನು ಎಂಬುದನ್ನು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಒಂದು ಆಟದಲ್ಲೇ ನೋಡಬಹುದು. ಭಾಗವತರ ಕೈಯಲ್ಲಿ ಜಾಗಟೆ. ಜೊತೆಗೆ ಮದ್ದಳೆ, ನಿಂತು ಬಾರಿಸುವ ಚೆಂಡೆ, ಚಕ್ರತಾಳ, ಶ್ರುತಿ. ಪದ ಎತ್ತುವವರು ಭಾಗವತರು. ಯಾವ ರಾಗ, ಯಾವ ಕಾಲ, ಎಷ್ಟು ಆವರ್ತ ಕುಣಿತ, ಎಲ್ಲಿ ಮುಕ್ತಾಯ ಎಂಬುದೆಲ್ಲ ಆ ಜಾಗಟೆಯ ಪೆಟ್ಟಿನಲ್ಲಿ ತೀರ್ಮಾನವಾಗುತ್ತದೆ. ವೇಷಧಾರಿಯ ಅರ್ಥಗಾರಿಕೆ ಲಂಬಿಸಿತೆಂದರೆ ಮುಂದಿನ ಪದ ಎತ್ತುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಇಡೀ ರಾತ್ರಿಯ ಪ್ರಸಂಗವನ್ನು ಕಾಲಮಿತಿಗೆ ಇಳಿಸುವಾಗ ಯಾವ ಪದ ಬಿಡಬೇಕು, ಯಾವುದನ್ನು ಉಳಿಸಬೇಕೆಂದು ನಿರ್ಧರಿಸುವವರೂ ಅವರೇ. ಭಾಗವತರೇ ಮೊದಲನೆಯ ವೇಷಧಾರಿ ಎಂಬ ಮಾತು ಕಲಾವಿದರ ನಡುವೆ ಹುಟ್ಟಿದ್ದು ಇದಕ್ಕೇ.

ಪಶ್ಚಿಮದ ‘ಆರ್ಕೆಸ್ಟ್ರಾ’ವೂ ಜಾಗದ ಹೆಸರೇ. ಗ್ರೀಕ್ ನಾಟಕಶಾಲೆಯಲ್ಲಿ ಮೇಳಗಾಯಕರು ಕುಣಿಯುತ್ತಿದ್ದ ವೃತ್ತಾಕಾರದ ಅಂಗಳಕ್ಕೆ ಆ ಹೆಸರಿತ್ತು. ಕುಣಿ ಎಂಬರ್ಥದ ಕ್ರಿಯಾಪದ ಅದರ ಮೂಲ. ಮುಂದೆ ಯುರೋಪಿನ ರಂಗಮಂದಿರಗಳಲ್ಲಿ ವೇದಿಕೆಯ ಎದುರು ವಾದಕರು ಕೂರುವ ಜಾಗಕ್ಕೆ ಸಂದು, ಕೊನೆಗೆ ಆ ವಾದಕರ ಹೆಸರೇ ಆಯಿತು. ನಮ್ಮ ಜಾತ್ರೆಗಳಿಗೆ ಬರುವಷ್ಟರಲ್ಲಿ ಸಿನಿಮಾ ಹಾಡುಗಳ ಕಾರ್ಯಕ್ರಮವೇ ಆರ್ಕೆಸ್ಟ್ರಾ ಆಗಿಬಿಟ್ಟಿತು.

ಹಿಂದಿನ ಸಾಲು ಎಂಬ ಅಸಡ್ಡೆ ಅಲ್ಲೂ ಇತ್ತು. ಆಳೆತ್ತರದ ಡಬಲ್ ಬಾಸ್ ವಾದ್ಯವೃಂದದ ಅಂಚಿನಲ್ಲಿ ನಿಲ್ಲುತ್ತದೆ. ಅದರ ಕೆಳಗಿನ ತಂತಿಯ ನಾದ ಸುಮಾರು 41 ಹರ್ಟ್ಸ್. ಉಳಿದ ವಾದ್ಯಗಳೆಲ್ಲ ಊರಿ ನಿಲ್ಲುವುದು ಇಂಥ ಮಂದ್ರದ ಮೇಲೆ. ಅದನ್ನು ಮುಂದೆ ತಂದು ಏಕವ್ಯಕ್ತಿ ವಾದನದ ವಾದ್ಯವೆಂದು ಮೆರೆಸಿದವರಲ್ಲಿ ಇಟಲಿಯ ಜೊವಾನಿ ಬೊಟ್ಟೆಸಿನಿ ದೊಡ್ಡ ಹೆಸರು. 1871ರ ಡಿಸೆಂಬರ್ 24ರಂದು ಕೈರೋದಲ್ಲಿ ವೆರ್ಡಿಯ ‘ಐದಾ’ ಆಪೆರಾದ ಮೊದಲ ಪ್ರದರ್ಶನವನ್ನು ನಡೆಸಿಕೊಟ್ಟ ಕಂಡಕ್ಟರ್ ಕೂಡ ಅವನೇ. ಹಿಂದಿನ ಸಾಲಿನ ವಾದ್ಯ ಹಿಡಿದವನಿಗೆ ಇಡೀ ವೃಂದದ ಜಾಡು ಗೊತ್ತಿತ್ತು.

ಪಶ್ಚಿಮದಲ್ಲಿ ಬೇರೆ ಊರಿಂದ ಬರುವ ಅತಿಥಿ ಕಂಡಕ್ಟರ್ ಕಛೇರಿಗೆ ಮುಂಚೆ ವಾದಕರೊಂದಿಗೆ ಅಭ್ಯಾಸ ನಡೆಸುತ್ತಾನೆ. ಎಲ್ಲರೆದುರೂ ಬರೆದಿಟ್ಟ ಸ್ವರಲಿಪಿ ಇರುತ್ತದೆ. ನಮ್ಮಲ್ಲಿ ಅತಿಥಿ ಭಾಗವತರು ಚೌಕಿಗೆ ಬಂದು, ಪ್ರಸಂಗದ ನಡೆಯ ಬಗ್ಗೆ ನಾಲ್ಕು ಮಾತಾಡಿ, ನೇರ ರಂಗಕ್ಕೆ ಬರುವುದು ಸಾಮಾನ್ಯ. ಅಪರಿಚಿತ ಚೆಂಡೆಯವರನ್ನೂ ಹೊಸ ವೇಷಧಾರಿಯನ್ನೂ ಕಣ್ಸನ್ನೆಯಲ್ಲಿ, ಜಾಗಟೆಯ ಒಂದು ಪೆಟ್ಟಿನಲ್ಲಿ ಕೂಡಿಸುತ್ತಾರೆ. ‘ಮೇಳ’ದ ಮೂಲಾರ್ಥ ಅಲ್ಲಿ ಇವತ್ತಿಗೂ ಜೀವಂತವಾಗಿದೆ.

ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡಾಗ ಕರಾವಳಿ ಒಬ್ಬ ಹಾಡುಗಾರರ ಜೊತೆಗೆ ‘ಬಲಿಪ ಶೈಲಿ’ ಎಂಬ ಒಂದು ರಂಗಕ್ರಮಕ್ಕಾಗಿಯೂ ಮರುಗಿತು. ಗಂಡಸರೇ ಕೂರುತ್ತಿದ್ದ ಆ ಜಾಗದಲ್ಲಿ ಲೀಲಾವತಿ ಬೈಪಾಡಿತ್ತಾಯರು ಕೂತು, ವೃತ್ತಿಮೇಳದ ಮೊದಲ ಮಹಿಳಾ ಭಾಗವತರೆನಿಸಿಕೊಂಡು ಆಟ ನಡೆಸಿದರು. ಇವರನ್ನು ವೇಷಧಾರಿಗಳಿಗೆ ಜೊತೆಕೊಟ್ಟವರು ಎಂದಷ್ಟೇ ಬರೆದರೆ ಅದು ಅನ್ಯಾಯ.

ಪದಗಳ ಅರ್ಥ ಬದಲಾಗುವುದನ್ನು ತಡೆಯಲಾಗದು. ರಾಜಕೀಯ ಪುಟದ ಹಿಮ್ಮೇಳ ಅಲ್ಲೇ ಇರಲಿ. ಆದರೆ ಕಲೆಯ ಬಗ್ಗೆ ಬರೆಯುವಾಗ, ಆಮಂತ್ರಣ ಅಚ್ಚು ಹಾಕಿಸುವಾಗ ಪದದ ಹಳೆಯ ಘನತೆಯನ್ನು ನಾವೇ ಕಾಯಬಹುದು. ಹಿಮ್ಮೇಳದವರ ಹೆಸರನ್ನು ಮುಮ್ಮೇಳದಷ್ಟೇ ದಪ್ಪ ಅಕ್ಷರದಲ್ಲಿ ಹಾಕೋಣ. ಮದ್ದಳೆ ಯಾರದು, ಚೆಂಡೆ ಯಾರದು ಎಂದು ವರದಿಯಲ್ಲಿ ಬರೆಯೋಣ. ಆಟ ಗೆದ್ದದ್ದು ಯಾರಿಂದ ಎಂಬುದು ಆಟ ನೋಡಿದ ಊರಿಗೆ ಗೊತ್ತಿದೆ. ಬರವಣಿಗೆಗೂ ಅದು ಗೊತ್ತಿರಬೇಕು.