‘ಆಫ್ರಿಕಾದಲ್ಲಿ ರೋಗ’, ‘ಮಧ್ಯಪ್ರಾಚ್ಯದಲ್ಲಿ ಯುದ್ಧ’: ಇಂಥ ಫಾರ್ವರ್ಡ್‌ಗಳು ಯಾವ ಊರಿನ ಬಗ್ಗೆ ಹೇಳುತ್ತಿವೆ?

“ಆಫ್ರಿಕಾದಲ್ಲಿ ಭಯಾನಕ ರೋಗ, ಯಾರೂ ಹೋಗಬೇಡಿ.” “ಮಧ್ಯಪ್ರಾಚ್ಯ ಹೊತ್ತಿ ಉರಿಯುತ್ತಿದೆ, ಅಲ್ಲಿರುವ ನಿಮ್ಮವರನ್ನು ಕೂಡಲೇ ವಾಪಸ್ ಕರೆಸಿ.” ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಎಷ್ಟೋ ಸಲ ಸುದ್ದಿ ಪೂರ್ತಿ ಸುಳ್ಳಾಗಿರುವುದಿಲ್ಲ. ಆದರೆ ಒಂದು ದೇಶದ ಸುದ್ದಿಯನ್ನು ಇಡೀ ಖಂಡಕ್ಕೆ ಅಂಟಿಸಿರುತ್ತಾರೆ. ಇದನ್ನು ಗುರುತಿಸಲು ಪದವಿ ಮೊದಲ ವರ್ಷದಲ್ಲಿ ಕಲಿಸುವ ಪ್ರಾದೇಶಿಕ ಭೂಗೋಳದ ಒಂದು ಪಾಠ ಸಾಕು.

ಚುಟುಕಾಗಿ ಹೇಳುವುದಾದರೆ

ಪ್ರಪಂಚದ ‘ಪ್ರದೇಶ’ಗಳು ನೆಲದ ಮೇಲೆ ಗೆರೆ ಎಳೆದು ಇಟ್ಟವಲ್ಲ, ಅರ್ಥ ಮಾಡಿಕೊಳ್ಳಲು ಮನುಷ್ಯರು ಮಾಡಿಕೊಂಡ ವಿಂಗಡಣೆಗಳು. ಪ್ರದೇಶದ ಹೆಸರು ಕಂಡಾಗ ‘ಯಾವ ದೇಶ? ಯಾವ ಊರು?’ ಎಂದು ಕೇಳದೆ ನಂಬಬಾರದು.

‘ಪ್ರದೇಶ’ ಎಂದರೆ ಏನು?

ಭೂಗೋಳದಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ರದೇಶಗಳನ್ನು ಹೇಳುತ್ತಾರೆ.

1. ಒಂದೇ ಲಕ್ಷಣ ಇರುವ ಪ್ರದೇಶ: ಮಳೆ, ಮಣ್ಣು, ಭಾಷೆ, ಆಡಳಿತ ಹೀಗೆ ಯಾವುದಾದರೂ ಒಂದು ಲಕ್ಷಣ ಎಲ್ಲೆಡೆ ಇರಬೇಕು. ತೀರಾ ಕಡಿಮೆ ಮಳೆಯ ಸಹಾರಾ ಮರುಭೂಮಿ ಇದಕ್ಕೆ ಉದಾಹರಣೆ. ಅದು ಒಂದೇ ದೇಶದಲ್ಲಿಲ್ಲ, ಅಲ್ಜೀರಿಯಾ, ಲಿಬಿಯಾ, ನೈಜರ್, ಚಾಡ್ ಸೇರಿದಂತೆ ಹಲವು ದೇಶಗಳಲ್ಲಿ ಹರಡಿದೆ.

2. ಸಂಪರ್ಕದಿಂದ ಆದ ಪ್ರದೇಶ: ಇಲ್ಲಿ ಒಂದು ಕೇಂದ್ರ ಇರುತ್ತದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನಿಂದ ರೈನ್ ನದಿಯ ಮೂಲಕ ಜರ್ಮನಿ, ಸ್ವಿಟ್ಜರ್‌ಲೆಂಡ್‌ವರೆಗೂ ಸರಕು ಹೋಗುತ್ತದೆ. ಭಾಷೆ, ಸರ್ಕಾರ ಬೇರೆಯಾದರೂ ವ್ಯಾಪಾರ ಅವುಗಳನ್ನು ಒಂದು ಮಾಡಿದೆ.

3. ಜನರ ರೂಢಿಯಲ್ಲಿರುವ ಪ್ರದೇಶ: ‘ಮಲೆನಾಡು ಎಲ್ಲಿ ಮುಗಿದು ಬಯಲುಸೀಮೆ ಎಲ್ಲಿ ಶುರುವಾಗುತ್ತದೆ?’ ಎಂದು ಕೇಳಿ ನೋಡಿ. ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಹೆಸರು ನಿಜ, ಗಡಿ ಮಾತ್ರ ಮಸುಕು.

ಫಾರ್ವರ್ಡ್‌ಗಳಲ್ಲಿ ಬರುವ ಹೆಸರುಗಳಲ್ಲಿ ಹೆಚ್ಚಿನವು ಈ ಮೂರನೇ ಬಗೆಯವು.

‘ಮಧ್ಯಪ್ರಾಚ್ಯ’ ಯಾರಿಗೆ ಪ್ರಾಚ್ಯ?

ಪ್ರಾಚ್ಯ ಎಂದರೆ ಪೂರ್ವ. ಆದರೆ ನಮಗೆ ಸೌದಿ, ಇರಾನ್ ಇರುವುದು ಪಶ್ಚಿಮಕ್ಕೆ! ಈ ಹೆಸರು ಯುರೋಪಿನಲ್ಲಿ ನಿಂತು ನೋಡಿದವರದು. ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಥೇಯರ್ ಮಹಾನ್ 1902ರಲ್ಲಿ ಬರೆದ ಲೇಖನದ ನಂತರ ಇದು ಹೆಚ್ಚು ಬಳಕೆಗೆ ಬಂತು. ಭಾರತ ಸರ್ಕಾರ ಸಾಮಾನ್ಯವಾಗಿ ‘ಪಶ್ಚಿಮ ಏಷ್ಯಾ’ ಎನ್ನುತ್ತದೆ.

ಗಡಿಯೂ ಖಚಿತವಿಲ್ಲ. ಈಜಿಪ್ಟಿನ ಹೆಚ್ಚಿನ ಭಾಗ ಆಫ್ರಿಕಾ ಖಂಡದಲ್ಲಿದೆ, ಆದರೂ ಅದನ್ನು ಮಧ್ಯಪ್ರಾಚ್ಯಕ್ಕೆ ಸೇರಿಸುತ್ತಾರೆ. ಇರಾನ್, ಟರ್ಕಿ ಈ ಪಟ್ಟಿಯಲ್ಲಿದ್ದರೂ ಅರಬ್ ದೇಶಗಳಲ್ಲ. ಕರಾವಳಿಯ ಅನೇಕ ಮನೆಗಳವರು ದುಡಿಯುತ್ತಿರುವ ‘ಗಲ್ಫ್’ ಎಂದರೆ ಸಾಮಾನ್ಯವಾಗಿ 1981ರಲ್ಲಿ ಒಕ್ಕೂಟ ಮಾಡಿಕೊಂಡ ಆರು ದೇಶಗಳು: ಸೌದಿ ಅರೇಬಿಯಾ, ಯುಎಇ, ಒಮಾನ್, ಕತಾರ್, ಕುವೈತ್, ಬಹ್ರೇನ್.

ಹಾಗಾಗಿ ಲೆಬನಾನಿನ ಬೈರೂತ್‌ನಲ್ಲಿ ಬಾಂಬ್ ಬಿತ್ತು ಎಂದ ಮಾತ್ರಕ್ಕೆ ಒಮಾನಿನ ಮಸ್ಕತ್‌ನಲ್ಲಿ ಬಿತ್ತು ಎಂದಲ್ಲ. ಎರಡರ ನಡುವೆ ಸುಮಾರು 2,500 ಕಿ.ಮೀ. ಅಂತರವಿದೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,740 ಕಿ.ಮೀ. ಮಾತ್ರ.

ದೂರವಿದ್ದರೆ ನಿಶ್ಚಿಂತೆಯೇ? ಹಾಗೂ ಹೇಳಲಾಗದು. ಇಲ್ಲಿ ಎರಡನೇ ಬಗೆಯ ಪ್ರದೇಶ ನೆನಪಾಗಬೇಕು. ಕೊಲ್ಲಿಯ ತೈಲ ಮತ್ತು ಅನಿಲದ ಹಡಗುಗಳು ಹೆಚ್ಚಾಗಿ ಕಿರಿದಾದ ಹೋರ್ಮುಜ್ ಜಲಸಂಧಿಯ ಮೂಲಕವೇ ಹೊರಬರುತ್ತವೆ. ಅಲ್ಲಿ ಅಡಚಣೆಯಾದರೆ ನಮ್ಮ ಅಡುಗೆ ಅನಿಲದ ಪೂರೈಕೆಗೂ ಬಿಸಿ ತಟ್ಟಬಹುದು.

ಆಫ್ರಿಕಾ ಒಂದು ದೇಶವೇ?

ಅಲ್ಲ. ವಿಶ್ವಸಂಸ್ಥೆಯ ಸದಸ್ಯರಾಗಿರುವ 54 ದೇಶಗಳು ಅಲ್ಲಿವೆ. ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿ.ಮೀ., ಅಂದರೆ ಭಾರತದ ಒಂಬತ್ತು ಪಟ್ಟು! ನಕ್ಷೆಯಲ್ಲಿ ಅಷ್ಟು ದೊಡ್ಡದಾಗಿ ಕಾಣದಿರಲು ಕಾರಣವಿದೆ. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರೂಪಿಸಿದ ನಕ್ಷೆಯ ವಿಧಾನದಲ್ಲಿ ಧ್ರುವಗಳ ಕಡೆಗೆ ಹೋದಂತೆ ನೆಲ ಹಿಗ್ಗಿ ಕಾಣುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾಕ್ಕೆ ಸರಿಸಮ ಎನಿಸುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು.

ಈ ತಪ್ಪು ಕಲ್ಪನೆಯಿಂದ ಜನರ ಹೊಟ್ಟೆಪಾಡಿಗೂ ಪೆಟ್ಟು ಬೀಳುತ್ತದೆ. 2014–16ರ ಎಬೋಲಾ ಮುಖ್ಯವಾಗಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಎಂಬ ಮೂರು ಪಶ್ಚಿಮ ಆಫ್ರಿಕಾ ದೇಶಗಳಲ್ಲಿ ಹರಡಿ 11,000ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಪೂರ್ವದ ಕೆನ್ಯಾದಲ್ಲಿ ಆಗ ಒಂದು ಪ್ರಕರಣವೂ ಇರಲಿಲ್ಲ. ಆದರೂ ಪ್ರವಾಸಿಗರು ಸಫಾರಿ ರದ್ದು ಮಾಡಿದರು, ದಕ್ಷಿಣ ಕೊರಿಯಾದ ವಿಮಾನ ಸಂಸ್ಥೆಯೊಂದು ನೈರೋಬಿಗೆ ಹಾರಾಟವನ್ನೇ ನಿಲ್ಲಿಸಿತು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಿಂದ ನೈರೋಬಿ 5,000 ಕಿ.ಮೀ.ಗಿಂತ ದೂರ. ಮನ್ರೋವಿಯಾದಿಂದ ಲಂಡನ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಲಂಡನ್ ಪ್ರವಾಸವನ್ನು ಯಾರೂ ಹಾಗೆ ರದ್ದು ಮಾಡಲಿಲ್ಲ!

ಖಂಡಗಳಾದರೂ ಖಚಿತವೇ?

ಅದೂ ಪೂರ್ತಿ ಅಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಏಳು ಖಂಡ. ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಲ್ಲಿ ಉತ್ತರ ಮತ್ತು ದಕ್ಷಿಣ ಅಮೆರಿಕವನ್ನು ಒಂದೇ ಖಂಡವೆಂದು ಕಲಿಸುತ್ತಾರೆ. ಯುರೋಪ್ ಮತ್ತು ಏಷ್ಯಾ ನಡುವೆ ಸಾಗರವಿಲ್ಲ. ಉರಲ್ ಪರ್ವತಸಾಲನ್ನು ಗಡಿ ಎಂದು ಒಪ್ಪಿಕೊಂಡಿದ್ದೇವೆ, ಅಷ್ಟೇ.

ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆ

• ದೇಶ ಮತ್ತು ಊರಿನ ಹೆಸರು ಇದೆಯೇ? ಬರೀ ‘ಆಫ್ರಿಕಾ’, ‘ಯುರೋಪ್’, ‘ಗಲ್ಫ್’ ಎಂದಿದ್ದರೆ ಅಲ್ಲೇ ತಡೆಯಿರಿ.
• ಘಟನೆ ನಡೆದ ಊರಿಗೂ ನಿಮ್ಮವರು ಇರುವ ಊರಿಗೂ ಎಷ್ಟು ದೂರ? ಮೊಬೈಲ್ ನಕ್ಷೆಯಲ್ಲಿ ಅಳೆದು ನೋಡಿ. ದೇಶದ ಗಾತ್ರವನ್ನು ಮಾತ್ರ ಕಣ್ಣಳತೆಯಲ್ಲಿ ನಿರ್ಧರಿಸಬೇಡಿ.
• ಎರಡು ಊರುಗಳ ನಡುವೆ ವಿಮಾನ, ಬಂದರು, ವ್ಯಾಪಾರದ ನಂಟು ಇದೆಯೇ?
• ದಿನಾಂಕ ಇದೆಯೇ? ಹಳೆಯ ವಿಡಿಯೊ ಹೊಸ ಹೆಸರಿನಲ್ಲಿ ಬರುವುದು ಮಾಮೂಲು.

ಹೊರದೇಶದಲ್ಲಿ ನಿಮ್ಮವರಿದ್ದರೆ ಗುಂಪಿಗೆ ಕಳಿಸುವ ಮೊದಲು ಅವರಿಗೇ ಒಂದು ಕರೆ ಮಾಡಿ, ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ಪ್ರಕಟಣೆ ನೋಡಿ.

ಕೊನೆಯ ಮಾತು: ‘ಆಫ್ರಿಕಾದಲ್ಲಿ’, ‘ಮಧ್ಯಪ್ರಾಚ್ಯದಲ್ಲಿ’ ಎಂದು ಶುರುವಾಗಿ ಊರಿನ ಹೆಸರೇ ಇಲ್ಲದೆ ಮುಗಿಯುವ ಸಂದೇಶ ಅರೆಬರೆ ಮಾಹಿತಿ. ಅದನ್ನು ಮುಂದೆ ಕಳಿಸಬೇಡಿ.