ನರ್ಸಿಂಗ್ ಕಾಲೇಜಿನ ಮೂರು ತಲೆಮಾರು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಸೋದರತ್ತೆಗೂ ಅವರ ಸೊಸೆಗೂ ಸಣ್ಣ ವಾದ ನಡೆಯಿತು. ಅತ್ತೆ ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ 32 ವರ್ಷ ಪಾಠ ಹೇಳಿ ನಿವೃತ್ತರಾದವರು. ಸೊಸೆ ಎಂಎಸ್ಸಿ ನರ್ಸಿಂಗ್ ಮಾಡಿದವಳು, ಆರು ವರ್ಷದಲ್ಲಿ ಇದು ಅವಳ ಮೂರನೆಯ ಖಾಸಗಿ ಕಾಲೇಜು.

"ನಿಮ್ಮ ಕಾಲದವರಿಗೆ ಸಂಸ್ಥೆ ಅಂದ್ರೆ ನಿಷ್ಠೆನೇ ಇಲ್ಲ ಕಣಮ್ಮ" ಎಂದರು ಅತ್ತೆ. "ಸಂಸ್ಥೆಗೆ ನಮ್ಮ ಮೇಲೆ ಇದೆಯಾ ಅತ್ತೆ?" ಎಂದಳು ಅವಳು. ನಾಲ್ಕನೆಯ ಐಟಿ ಕಂಪನಿಯಲ್ಲಿರುವ ನಾನು ಬಾಯಿ ಬಿಡಲಿಲ್ಲ. ದಿಲ್ಲಿಗೆ ಮರಳಿದ ಮೇಲೆ ಅದೇ ಪ್ರಶ್ನೆ ಹಿಡಿದು ನಮ್ಮ ದೇಶದ ನರ್ಸಿಂಗ್ ಶಿಕ್ಷಣದ ಇತಿಹಾಸ ಓದಿದೆ.

ಮೊದಲ ತಲೆಮಾರಿಗೆ ಇದು ಸೇವೆ. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ಆರಂಭಿಸಿದಾಗ ಮನೆತನಸ್ಥರು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಲು ಹಿಂಜರಿಯುತ್ತಿದ್ದರು. ಆ ಕಾಲದಲ್ಲಿ ಹೆಚ್ಚಿನ ಕಡೆ ಕಲಿಸುವವರೂ ಕಲಿಯುವವರೂ ಆಸ್ಪತ್ರೆಯ ಆವರಣದಲ್ಲೇ ವಾಸ. ಮದುವೆಯಾದರೆ ಕೆಲಸ ಬಿಡಬೇಕು. ಸಂಸ್ಥೆಯೇ ಮನೆಯಾಗಿದ್ದಾಗ ನಿಷ್ಠೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

1946 ಒಂದು ತಿರುವು. ಆ ವರ್ಷ ಭೋರ್ ಸಮಿತಿಯ ವರದಿ, ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಎಂದು ಹೇಳಿತು. ಅದೇ ವರ್ಷ ವೆಲ್ಲೂರಿನಲ್ಲೂ ದಿಲ್ಲಿಯಲ್ಲೂ ಪದವಿ ಶಿಕ್ಷಣ ಶುರುವಾಯಿತು. ದಿಲ್ಲಿಯದು ಇಂದು ಲಜಪತ್ ನಗರದಲ್ಲಿರುವ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜು, ನಮ್ಮ ಮೊದಲ ಆರೋಗ್ಯ ಸಚಿವೆಯ ಹೆಸರಿನಲ್ಲಿದೆ. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು, 1959ರಲ್ಲಿ ದಿಲ್ಲಿಯ ಈ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ. ನರ್ಸ್ ಈಗ ಪ್ರಾಧ್ಯಾಪಕಿಯೂ ಪ್ರಾಂಶುಪಾಲೆಯೂ ಆಗಬಹುದಿತ್ತು. ಅತ್ತೆಯ ತಲೆಮಾರಿಗೆ ಸರ್ಕಾರಿ ಕೆಲಸವೆಂದರೆ ಕ್ವಾರ್ಟರ್ಸ್, ಹೆರಿಗೆ ರಜೆ, ಬಡ್ತಿ, ಪಿಂಚಣಿ. ಅವರು ದುಡಿದರು, ಸಂಸ್ಥೆಯೂ ಅವರ ಕೈ ಬಿಡಲಿಲ್ಲ.

ಮೂರನೆಯ ತಲೆಮಾರು ಖಾಸಗಿ ಕಾಲೇಜುಗಳದು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂದಿನ ವರ್ಷಗಳಲ್ಲಿ ನರ್ಸಿಂಗ್ ಕಾಲೇಜುಗಳು ಊರೂರಿಗೆ ಬಂದವು. ಸೀಟು ಹೆಚ್ಚಿದಷ್ಟು ಭದ್ರತೆ ಹೆಚ್ಚಲಿಲ್ಲ. ಬಾಂಡ್ ಬರೆಸಿಕೊಳ್ಳುವುದು, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವುದು ಹಲವೆಡೆ ರೂಢಿಯಾಯಿತು. 2011-12ರಲ್ಲಿ ಕೇರಳ ಮತ್ತಿತರ ಕಡೆ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರಕ್ಕಿಳಿದರು. 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ರಚನೆಯಾದ ಸಮಿತಿ, ಸಣ್ಣ ಆಸ್ಪತ್ರೆಗಳಲ್ಲೂ ನರ್ಸ್‌ಗಳ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಮಾತ್ರ.

ಸಂಸ್ಥಾ ನಿಷ್ಠೆಯನ್ನು ಅಧ್ಯಯನ ಮಾಡಿದ ಮೇಯರ್ ಮತ್ತು ಆಲೆನ್ 1991ರಲ್ಲಿ ಅದನ್ನು ಮೂರಾಗಿ ವಿಂಗಡಿಸಿದರು: ಪ್ರೀತಿಯಿಂದ ಉಳಿಯುವುದು, ಉಳಿಯುವುದು ಕರ್ತವ್ಯವೆಂದು ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು. ಪ್ರಮಾಣಪತ್ರ ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಸ್ಥೆಗೆ ಸಿಗುವುದು ಮೂರನೆಯದು ಮಾತ್ರ.

ಸೊಸೆ ಮೊದಲ ಕಾಲೇಜು ಬಿಟ್ಟದ್ದು ಹೆರಿಗೆ ರಜೆ ಕೊಡದೆ ರಾಜೀನಾಮೆ ಕೇಳಿದ್ದಕ್ಕೆ. ಪ್ರಮಾಣಪತ್ರ ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತಂತೆ. ಈ ಸಂಗತಿ ಅತ್ತೆಗೆ ಗೊತ್ತೇ ಇರಲಿಲ್ಲ, ಅವಳು ಹೇಳಿರಲಿಲ್ಲ.

ಅಂದು ರಾತ್ರಿ ಪಟಾಕಿ ಸದ್ದು ನಿಂತ ಮೇಲೂ ಅವಳು ಅಡುಗೆಮನೆಯ ಮೇಜಿನ ಮೇಲೆ ವಿದ್ಯಾರ್ಥಿನಿಯರ ಕೇಸ್ ಸ್ಟಡಿ ಪುಸ್ತಕ ತಿದ್ದುತ್ತಾ ಕೂತಿದ್ದಳು. ಮರುದಿನ ರಜೆಯಿದ್ದರೂ ಮಕ್ಕಳ ಪ್ರಾಯೋಗಿಕ ಪರೀಕ್ಷೆ ಹತ್ತಿರವಿತ್ತು. ಅತ್ತೆ ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿ, ಒಂದು ಪುಸ್ತಕ ಎಳೆದುಕೊಂಡರು. "ನಾವೂ ಹೀಗೇ ತಿದ್ತಿದ್ವಿ" ಎಂದರು.

ಸ್ನೇಹಿತೆಯರೇ, ಕೆಲಸದ ಮೇಲಿನ ನಿಷ್ಠೆ ಈ ಮೂರು ತಲೆಮಾರಿನಲ್ಲಿ ಕಡಿಮೆಯಾಗಿಲ್ಲ ಎಂದೇ ನನಗನ್ನಿಸುತ್ತದೆ. ಸಂಸ್ಥೆಯ ಮೇಲಿನ ನಿಷ್ಠೆ ಬೇಕಿದ್ದರೆ ಸಂಸ್ಥೆಗಳೇ ಅದನ್ನು ಗಳಿಸಿಕೊಳ್ಳಬೇಕು.