ಒಂದೇ ಕಥೆ, ಐದು ದಿನ: ಶಿಶುವಿಹಾರದಲ್ಲಿ ಕಥೆಯ ಅಂಗಗಳ ಕಲಿಕೆ

ತುಮಕೂರು: ಅಂಗನವಾಡಿ ಹಾಗೂ ಶಿಶುವಿಹಾರಗಳಲ್ಲಿ ಕಥೆ ಹೇಳುವುದು ನಿತ್ಯದ ರೂಢಿ. ಆದರೆ ಕಥೆ ಮುಗಿದೊಡನೆ ನೀತಿ ಹೇಳಿಸಿ, ಅಕ್ಷರ ತಿದ್ದಿಸಲು ತೊಡಗಿದರೆ ಯಾರು, ಎಲ್ಲಿ, ಏನಾಯಿತು, ಏಕಾಯಿತು ಎಂಬುದನ್ನು ಮಗು ತಾನೇ ಜೋಡಿಸಿ ಹೇಳುವ ಅವಕಾಶ ತಪ್ಪುತ್ತದೆ. ಮುಂದೆ ಓದಿದ್ದನ್ನು ಅರ್ಥ ಮಾಡಿಕೊಳ್ಳಲು ಈ ಸಾಮರ್ಥ್ಯವೇ ತಳಹದಿ. 2022ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ 3ರಿಂದ 8 ವರ್ಷದವರ ಕಲಿಕೆಯಲ್ಲಿ ಆಟ, ಮಾತುಕತೆ ಮತ್ತು ಕಥೆಗೆ ಪ್ರಾಧಾನ್ಯ ನೀಡಿದೆ.

ಪಾತ್ರ, ಸ್ಥಳ, ಸಮಸ್ಯೆ, ಘಟನೆಗಳ ಅನುಕ್ರಮ ಮತ್ತು ಮುಕ್ತಾಯ ಕಥೆಯ ಮುಖ್ಯ ಅಂಗಗಳು. ದಿನಕ್ಕೊಂದು ಹೊಸ ಕಥೆ ಹೇಳುವ ಬದಲು ಒಂದೇ ಕಥೆಯನ್ನು ವಾರವಿಡೀ ಬಳಸಿ, ದಿನಕ್ಕೊಂದು ಅಂಗವನ್ನು ಪರಿಚಯಿಸುವುದು ಸುಲಭ. ಮನೆಮಾತಾಗಿರುವ 'ಗೋವಿನ ಹಾಡು' ಇದಕ್ಕೆ ತಕ್ಕ ಆಯ್ಕೆ.

ಮೊದಲ ದಿನ ಪಾತ್ರಗಳು: ಹಸು, ಕರು, ಹುಲಿ, ಗೊಲ್ಲನ ಮುಖವಾಡಗಳನ್ನು ರಟ್ಟಿನಲ್ಲಿ ಮಾಡಿಸಬಹುದು. 1884ರಲ್ಲಿ ನಾಟಕ ಕಂಪನಿಯೊಂದಕ್ಕೆ ಜನ್ಮವಿತ್ತ ಗುಬ್ಬಿಯಲ್ಲಿ ವೇಷ ಕಟ್ಟುವ ಆಟಕ್ಕೆ ವಿಶೇಷ ಅರ್ಥವಿದೆ.

ಎರಡನೆಯ ದಿನ ಸ್ಥಳ: ದೊಡ್ಡಿ, ದಾರಿ, ಕಾಡನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯಲಿ. ಕುಣಿಗಲ್‌ನ ಮಕ್ಕಳು ದೊಡ್ಡಕೆರೆಯನ್ನು, ತುಮಕೂರು ನಗರದವರು ದೇವರಾಯನದುರ್ಗದ ಬೆಟ್ಟವನ್ನು ಅದರಲ್ಲಿ ಸೇರಿಸಬಹುದು.

ಮೂರನೆಯ ದಿನ ಸಮಸ್ಯೆ: ಹುಲಿ ಅಡ್ಡಗಟ್ಟಿದಾಗ ಹಸು ಏನು ಮಾಡಬಹುದಿತ್ತು ಎಂದು ಕೇಳಬೇಕು. ಯಾವ ಉತ್ತರವನ್ನೂ ತಪ್ಪೆನ್ನಬಾರದು.

ನಾಲ್ಕನೆಯ ದಿನ ಅನುಕ್ರಮ: ನಾಲ್ಕು ಚಿತ್ರಗಳನ್ನು ಕಲಸಿ ಕೊಟ್ಟು ಸಾಲಾಗಿ ಇಡಿಸಬೇಕು. ಹಸು ನಡೆಯುವ ಸದ್ದಿಗೆ ಎರಡು ಕರಟ ಸಾಕು.

ಐದನೆಯ ದಿನ ಮುಕ್ತಾಯ: ಹುಲಿಯ ಸಾವಿನ ಬದಲು ಬೇರೆ ಕೊನೆಯನ್ನು ಮಕ್ಕಳೇ ಕಟ್ಟಿ ಹೇಳಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2020ರ ಆರಂಭದಲ್ಲಿ ಗುಬ್ಬಿ ತಾಲ್ಲೂಕು ಸೇರಿದಂತೆ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಚಿಕ್ಕ ಮಕ್ಕಳು ಬಲಿಯಾಗಿದ್ದರು. ಇಂತಹ ಊರುಗಳಲ್ಲಿ ಹುಲಿಯ ಭಯ ಕೇವಲ ಕಥೆಯದಲ್ಲ. ಹುಲಿಯ ಪಾತ್ರವನ್ನು ಶಿಕ್ಷಕಿಯೇ ಬೊಂಬೆಯ ಮೂಲಕ ಆಡಿಸುವುದು, ಹೆದರಿದ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವುದು ಒಳಿತು. ಅಂಜಿದ ಮಗುವಿಗೆ ಬೇರೆ ಕಥೆಯನ್ನು ಆರಿಸಲೂಬಹುದು.

ವಾರದ ಕೊನೆಗೆ ಪರೀಕ್ಷೆ ಬೇಕಿಲ್ಲ. ಮನೆಯಲ್ಲಿ ಅಜ್ಜಿಗೆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತನ್ನದೇ ಮಾತಿನಲ್ಲಿ ಮಗು ಹೇಳಿದರೆ ಕಲಿಕೆ ಆಗಿದೆ ಎಂದರ್ಥ. ಪಾಲಕರು 'ಇಂದು ಏನು ಬರೆದೆ?' ಎನ್ನುವ ಬದಲು 'ಯಾವ ಕಥೆ ಕೇಳಿದೆ?' ಎಂದು ವಿಚಾರಿಸುವುದು ಈ ಕಲಿಕೆಗೆ ನೆರವಾಗುತ್ತದೆ.